ಬೋರ್ಡು ನನ್ನದು, ಫರ್ಮ್‌ವೇರ್ ಯಾರದು?

ಕೇರಳದಲ್ಲಿ 2025ರ ಜೂನ್‌ನಿಂದ ಹತ್ತನೇ ಕ್ಲಾಸಿನ ಎಲ್ಲ ಮಕ್ಕಳಿಗೂ ರೋಬೋಟಿಕ್ಸ್ ಪಾಠ ಕಡ್ಡಾಯ. ಊರಿಗೆ ಹೋದಾಗ ಇದನ್ನು ಹೇಳಿದರೆ ಯಾರೂ ಬೇಗ ನಂಬೋದಿಲ್ಲ. ಆದರೆ ಸುಳ್ಳಲ್ಲ ಮಾರಾಯ್ರೇ. ಐಸಿಟಿ ಪುಸ್ತಕದಲ್ಲಿ ಅದಕ್ಕೇ ಅಂತ ಒಂದು ಅಧ್ಯಾಯ ಇದೆ. ಸುಮಾರು 4.3 ಲಕ್ಷ ಮಕ್ಕಳು ಓದುವ ಪಾಠ ಅದು. ಕೈಟ್ ಅನ್ನೋ ಸರಕಾರಿ ಸಂಸ್ಥೆ (2001ರಲ್ಲಿ ಐಟಿ ಅಟ್ ಸ್ಕೂಲ್ ಅಂತ ಶುರುವಾದದ್ದು) ಶಾಲೆಗಳಿಗೆ 29,000 ಕಿಟ್ ಹಂಚಿದೆ. ಕಿಟ್ ಅಂದರೆ ಆರ್ಡುಯಿನೊ ಬೋರ್ಡು, ಒಂದಿಷ್ಟು ಎಲ್‌ಇಡಿ, ಪುಟ್ಟ ಸರ್ವೋ ಮೋಟಾರು, ಬೆಳಕು ಗುರುತಿಸುವ ಸೆನ್ಸರು, ಬಜರ್, ವೈರುಗಳು. ಪುಸ್ತಕ ಮಲಯಾಳಂ, ಇಂಗ್ಲಿಷ್ ಮಾತ್ರ ಅಲ್ಲ, ತಮಿಳು ಮತ್ತು ಕನ್ನಡದಲ್ಲೂ ಇದೆ. ಅಂದರೆ ಕಾಸರಗೋಡಿನ ಕನ್ನಡ ಶಾಲೆಯ ಹುಡುಗಿ ಕನ್ನಡದಲ್ಲೇ ರೋಬೋಟ್ ಪಾಠ ಓದುತ್ತಾಳೆ. ಬೆಂಗಳೂರಿನ ಹುಡುಗಿಗೆ ಈ ಭಾಗ್ಯ ಇದೆಯೋ, ನೀವೇ ಯೋಚನೆ ಮಾಡಿ.

ಒಳ್ಳೇ ಕೆಲಸ, ಎರಡು ಮಾತಿಲ್ಲ. ಆದರೆ ಎಲ್ಲರೂ ರೋಬೋಟಿನ ಕೈಕಾಲಿನ ಬಗ್ಗೆ ಮಾತಾಡ್ತಾರೆ, ಆ ಹಸಿರು-ನೀಲಿ ಬೋರ್ಡಿನ ಒಳಗೆ ಕೂತಿರುವ ಫರ್ಮ್‌ವೇರ್ ಬಗ್ಗೆ ಯಾರೂ ಮಾತಾಡೋದಿಲ್ಲ. ಅದನ್ನು ಯಾರು ಬದಲಾಯಿಸಬಹುದು, ಯಾವಾಗ, ಯಾರನ್ನು ಕೇಳಿ? ನನ್ನ ತಕರಾರು ಇಷ್ಟರ ಬಗ್ಗೆ.

ಬಿಕಾಂ ಓದಿ ಬ್ಯಾಂಕಿನಲ್ಲಿ ವೋಚರ್ ತಿರುವಿ ಹಾಕಿದವನಿಗೆ ಇದರ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಹವ್ಯಾಸ, ಅಷ್ಟೇ. ಮೂವತ್ತು ವರ್ಷದಿಂದ ಕೊಚ್ಚಿಯಲ್ಲಿದ್ದೇನೆ, ಅದರಲ್ಲಿ ಎರಡು ವರ್ಷ ತಿರುವನಂತಪುರದ ವನವಾಸ. ಭಾನುವಾರ ಬೇರೆಯವರು ಮೀನು ಮಾರ್ಕೆಟ್ಟಿಗೆ ಹೋದರೆ ನಾನು ಬೋಟು ಹತ್ತಿ ಎರ್ನಾಕುಳಂಗೆ ಹೋಗಿ ಸೋಲ್ಡರ್ ತಂತಿ ಹುಡುಕುತ್ತೇನೆ. ಬೆಂಗಳೂರಿಗೆ ಹೋದರೆ ನೆಂಟರ ಮನೆಗಿಂತ ಮೊದಲು ಎಸ್‌ಪಿ ರೋಡು. ಹೆಂಡತಿಗೆ ಇದು ಅಭ್ಯಾಸವಾಗಿದೆ. ಅಂದ ಹಾಗೆ, ಫೋರ್ಟ್ ಕೊಚ್ಚಿಯಲ್ಲಿ ಈ ಹವ್ಯಾಸ ಇಟ್ಟುಕೊಳ್ಳುವವರಿಗೆ ಒಂದು ಕಿವಿಮಾತು: ಉಪ್ಪು ಗಾಳಿಗೆ ಬೋರ್ಡಿನ ಪಿನ್ನುಗಳು ಎರಡೇ ಮಳೆಗಾಲದಲ್ಲಿ ಹಸಿರು ಬಣ್ಣಕ್ಕೆ ತಿರುಗುತ್ತವೆ. ಇದಕ್ಕೆ ಮಾತ್ರ ಯಾವ ಕಂಪನಿಯೂ ಅಪ್‌ಡೇಟ್ ಕಳಿಸೋದಿಲ್ಲ.

ಫರ್ಮ್‌ವೇರ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಬ್ಯಾಂಕಿನ ಭಾಷೆಯಲ್ಲೇ ಹೇಳುತ್ತೇನೆ. ಬೆಳಗ್ಗೆ ಬ್ರಾಂಚು ತೆರೆಯುವಾಗ ಮೊದಲು ಒಬ್ಬ ಬಂದು ಶಟರ್ ಎತ್ತುತ್ತಾನೆ, ದೀಪ ಹಾಕುತ್ತಾನೆ, ಹೊಸ ಸರ್ಕ್ಯುಲರ್ ಏನಾದರೂ ಬಂದಿದೆಯಾ ಅಂತ ಟಪಾಲು ನೋಡುತ್ತಾನೆ. ಬಂದಿದ್ದರೆ ಅದನ್ನು ಫೈಲಿಗೆ ಹಾಕುತ್ತಾನೆ, ಇಲ್ಲದಿದ್ದರೆ ನಿನ್ನೆಯ ಹಾಗೇ ಕೆಲಸ ಶುರು. ಬೋರ್ಡಿನಲ್ಲಿ ಅವನ ಹೆಸರು ಬೂಟ್‌ಲೋಡರ್. ಆರ್ಡುಯಿನೊ ಊನೊ ಬೋರ್ಡಿನ ಚಿಪ್ಪಿನಲ್ಲಿ ಇರುವ ಒಟ್ಟು ಫ್ಲ್ಯಾಶ್ ಜಾಗ 32 ಕೆಬಿ, ಅದರಲ್ಲಿ ಈ ಮಹಾಶಯ ತೆಗೆದುಕೊಳ್ಳುವುದು ಬರೀ ಅರ್ಧ ಕೆಬಿ. ಕರೆಂಟು ಬಂದ ಕೂಡಲೇ ಏಳುತ್ತಾನೆ, ವೈರಿನಲ್ಲಿ ಹೊಸ ಪ್ರೋಗ್ರಾಮ್ ಬರುತ್ತಿದೆಯಾ ಅಂತ ಸ್ವಲ್ಪ ಹೊತ್ತು ನೋಡುತ್ತಾನೆ, ಇಲ್ಲದಿದ್ದರೆ ಹಳೆಯದನ್ನೇ ಓಡಿಸುತ್ತಾನೆ. ಬರೆಯುವಾಗ ಮಧ್ಯದಲ್ಲಿ ಕರೆಂಟು ಹೋದರೆ ನಿಮ್ಮ ಪ್ರೋಗ್ರಾಮ್ ಅರ್ಧ ಆಗಿರುತ್ತದೆ, ಅವನು ಮಾತ್ರ ಕ್ಷೇಮ. ಮತ್ತೆ ಬರೆದರಾಯ್ತು. ಅವನನ್ನೇ ಅಳಿಸಿಬಿಟ್ಟರೆ ಬೋರ್ಡು ಇಟ್ಟಿಗೆ. ಇಟ್ಟಿಗೆ ಅನ್ನೋದು ನನ್ನ ಮಾತಲ್ಲ, ಈ ಹುಡುಗರ ಪರಿಭಾಷೆಯೇ ಹಾಗೆ, 'ಬ್ರಿಕ್ ಆಯ್ತು' ಅಂತಾರೆ. (ಇನ್ನೊಂದು ಬೋರ್ಡು ಹಿಡಿದು ಅದಕ್ಕೆ ಜೀವ ಕೊಡಬಹುದು. ಕಷ್ಟ, ಆದರೆ ಆಗುತ್ತದೆ.)

2021ರಲ್ಲಿ ಬಂದ ರಾಸ್‌ಬೆರಿ ಪೈ ಪೀಕೊ ಈ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಬೋರ್ಡು. ನಾಲ್ಕು ಡಾಲರಿನ ವಸ್ತು. ಶಟರ್ ಎತ್ತುವವನನ್ನು ಚಿಪ್ಪಿನ ಒಳಗೆ ಕೆತ್ತಿಯೇ ಬಿಟ್ಟಿದ್ದಾರೆ, ಯಾರಿಂದಲೂ ಅಳಿಸಲಾಗುವುದಿಲ್ಲ. ಒಂದು ಬಟನ್ ಒತ್ತಿಕೊಂಡು ಕೇಬಲ್ ಚುಚ್ಚಿದರೆ ಪೆನ್‌ಡ್ರೈವ್ ಹಾಗೆ ಕಾಣುತ್ತದೆ, ಫೈಲನ್ನು ಎಳೆದು ಹಾಕಿದರೆ ಕೆಲಸ ಮುಗೀತು. ಒತ್ತಬೇಕಾದವನು ನೀವು. ನೀವು ಒತ್ತದೆ ಏನೂ ಬದಲಾಗೋದಿಲ್ಲ.

ವೈಫೈ ಇರುವ ಇಎಸ್‌ಪಿ-32 ತರಹದ ಬೋರ್ಡುಗಳ ಕಥೆ ಬೇರೆ. ಅಲ್ಲಿ ಗಾಳಿಯಲ್ಲೇ ಅಪ್‌ಡೇಟ್ ಬರಬಹುದು. ಅದರಲ್ಲೂ ಒಳ್ಳೆಯ ವ್ಯವಸ್ಥೆ ಇದೆ. ಮೆಮೊರಿಯಲ್ಲಿ ಎರಡು ಕೋಣೆ. ಒಂದರಲ್ಲಿ ಓಡುತ್ತಿರುವ ಫರ್ಮ್‌ವೇರ್, ಹೊಸದು ಬಂದರೆ ಇನ್ನೊಂದರಲ್ಲಿ ಬರೆಯುವುದು. ಪೂರ್ತಿ ಬಂದಿದೆ ಅಂತ ಖಾತ್ರಿಯಾದ ಮೇಲೇ ಬಾಗಿಲು ಬದಲು. ಹೊಸದು ಎಡವಿದರೆ ಹಳೆಯದಕ್ಕೆ ವಾಪಸು ಬರುವ ಹಾಗೆಯೂ ಮಾಡಿಡಬಹುದು. ನನಗೆ ಇದನ್ನು ಓದಿದಾಗ ತೊಂಬತ್ತರ ದಶಕ ನೆನಪಾಯ್ತು. ಬ್ರಾಂಚಿಗೆ ಲೆಡ್ಜರ್ ಪೋಸ್ಟಿಂಗ್ ಮೆಷಿನ್ ಬಂದಾಗ ಕೈಬರಹದ ಲೆಡ್ಜರನ್ನು ಮಾರನೇ ದಿನವೇ ಕಟ್ಟಿ ಅಟ್ಟಕ್ಕೆ ಹಾಕಲಿಲ್ಲ. ಎರಡನ್ನೂ ಜೊತೆಯಲ್ಲಿ ಬರೆದೆವು. ದಿನಾ ರಾತ್ರಿ ಎಂಟರವರೆಗೆ ಕೂತು ಇದರ ಮೊತ್ತ, ಅದರ ಮೊತ್ತ ತಾಳೆ ನೋಡುವುದು. ಶಾಪ ಹಾಕಿಕೊಂಡೇ ಮಾಡಿದ್ದು. ಆದರೆ ಗಿರಾಕಿಯ ಒಂದು ಪೈಸೆ ಆಚೀಚೆ ಆಗಲಿಲ್ಲ.

ವ್ಯವಸ್ಥೆ ಇದೆ ಅಂದ ಮಾತ್ರಕ್ಕೆ ಕಂಪನಿಗಳು ಅದನ್ನು ಗಿರಾಕಿಯ ಕೈಗೆ ಕೊಡುತ್ತವೆ ಅಂತ ಅಲ್ಲ.

ನಮ್ಮ ಅಮ್ಮನಿಗೆ ಎಂಬತ್ತೆರಡು. ಮಲೆನಾಡಿನ ಮನೆ ಬಿಟ್ಟು ನಮ್ಮ ಜೊತೆ ಇಲ್ಲಿಗೆ ಬಂದು ಆರು ವರ್ಷವಾಯ್ತು. ಓದಲು ಬರುವುದು ಕನ್ನಡ ಒಂದೇ. ಫೋರ್ಟ್ ಕೊಚ್ಚಿಯಲ್ಲಿ ಅಂಗಡಿ ಬೋರ್ಡು, ಬಸ್ಸಿನ ಬೋರ್ಡು, ಮಾತ್ರೆಯ ಪಟ್ಟಿ, ಯಾವುದೂ ಅವರಿಗೆ ಅಕ್ಷರ ಅಲ್ಲ, ಚಿತ್ರ. ನಾವಿಬ್ಬರೂ ಕೆಲಸಕ್ಕೆ ಹೋದಾಗ ಮಾತ್ರೆ ಮರೆಯಬಾರದು ಅಂತ ಒಂದು ಪುಟ್ಟ ಟಚ್ ಸ್ಕ್ರೀನ್ ತಂದು ಮಂಚದ ಪಕ್ಕ ಇಟ್ಟೆ. ಬೋರ್ಡಿಗೆ ಜೋಡಿಸುವ ಡಿಸ್‌ಪ್ಲೇ, ಅದರದ್ದೇ ಆದ ಫರ್ಮ್‌ವೇರ್, ವೈಫೈ, ಎಲ್ಲ ಇತ್ತು. ಕಂಪನಿಯ ಹೆಸರು ಬೇಡ. ಕನ್ನಡದ ಅಕ್ಷರ ಚೆನ್ನಾಗಿಯೇ ಬರುತ್ತಿತ್ತು. 'ಬೆಳಗಿನ ಬಿಪಿ ಮಾತ್ರೆ, ತಿಂಡಿ ಆದ ಮೇಲೆ' ಅಂತ ದೊಡ್ಡದಾಗಿ ಬಂದರೆ ಅಮ್ಮ ಓದಿ, ಮಾತ್ರೆ ತಗೊಂಡು, ಬೆರಳಿನಿಂದ ಒತ್ತುತ್ತಿದ್ದರು. ಎಂಟು ತಿಂಗಳು ಹೀಗೇ ನಡೀತು.

ಒಂದು ಬುಧವಾರ ರಾತ್ರಿ ಅದು ತನ್ನಷ್ಟಕ್ಕೆ ಅಪ್‌ಡೇಟ್ ಆಯ್ತು. ಯಾರನ್ನೂ ಕೇಳಲಿಲ್ಲ, ಕೇಳದಂತೆ ತಡೆಯುವ, ಬೇಡ ಅನ್ನುವ ಗುಂಡಿಯೂ ಅದರ ಸೆಟ್ಟಿಂಗಿನಲ್ಲಿ ಇರಲಿಲ್ಲ. ಹೊಸ ಆವೃತ್ತಿಯಲ್ಲಿ ಹವಾಮಾನ, ಕ್ರಿಕೆಟ್ ಸ್ಕೋರು, ಇನ್ನೂ ಏನೇನೋ ಸೇರಿಸಿದ್ದರು. ಅದಕ್ಕೆ ಜಾಗ ಸಾಲದೆ ಇಂಗ್ಲಿಷ್ ಬಿಟ್ಟು ಬೇರೆ ಲಿಪಿಗಳ ಫಾಂಟುಗಳನ್ನು ತೆಗೆದುಹಾಕಿದ್ದರು. ಶನಿವಾರ ನನ್ನ ಹೆಂಡತಿ ಮಾತ್ರೆಯ ಪಟ್ಟಿ ಎಣಿಸಿ, "ರೀ, ಎರಡು ಜಾಸ್ತಿ ಉಳಿದಿದೆ, ಲೆಕ್ಕ ಸರಿ ಬರ್ತಾ ಇಲ್ಲ" ಅಂದಳು. ಅಮ್ಮನನ್ನು ಕೇಳಿದರೆ, "ಅದರಲ್ಲಿ ಎರಡು ದಿನದಿಂದ ಬರೀ ಡಬ್ಬಿ ಡಬ್ಬಿ ಬರ್ತದೆ ಮಾರಾಯ, ನೀನೇ ಏನೋ ರಿಪೇರಿ ಮಾಡ್ತಾ ಇದ್ದಿ ಅಂತ ಸುಮ್ಮನಿದ್ದೆ" ಅಂದರು. ಪರದೆ ನೋಡಿದೆ. ಸಾಲಾಗಿ ಚೌಕಗಳು. ಬಿಪಿ ನೋಡಿಸಿದರೆ ಮೇಲಿನದ್ದು ನೂರಾ ಎಂಬತ್ತರ ಮೇಲೆ. ಡಾಕ್ಟರು ಎರಡು ದಿನ ಬಂದು ನೋಡಿ ಹೋದರು, ಆಮೇಲೆ ಸರಿಯಾಯ್ತು. ಕಂಪನಿಗೆ ಬರೆದೆ. 'ಹಿಂದಿನ ಆವೃತ್ತಿಗೆ ಮರಳುವ ಸೌಲಭ್ಯವಿಲ್ಲ, ನಿಮ್ಮ ಸಲಹೆಯನ್ನು ದಾಖಲಿಸಿಕೊಂಡಿದ್ದೇವೆ' ಅಂತ ಉತ್ತರ ಬಂತು. ಬ್ಯಾಂಕಿನಲ್ಲಿ ಈ ಥರದ ಉತ್ತರಗಳನ್ನು ಬರೆದು ಬರೆದು ಅದರ ಅರ್ಥ ನನಗೆ ಚೆನ್ನಾಗಿ ಗೊತ್ತು.

ದುಡ್ಡು ಕೊಟ್ಟು ತಂದ ವಸ್ತು ನನ್ನ ಮನೆಯಲ್ಲಿ, ನನ್ನ ಕರೆಂಟಿನಲ್ಲಿ ಕೂತು, ರಾತ್ರೋರಾತ್ರಿ ನನ್ನ ಭಾಷೆಯನ್ನು ಮರೆಯಬಹುದು ಅಂದರೆ ಅದರ ಮಾಲೀಕ ಯಾರು? ನಾಳೆ ಲಾಕರಿನ ಬೀಗವನ್ನು ಬ್ಯಾಂಕು ಗಿರಾಕಿಗೆ ಹೇಳದೆ ಬದಲಾಯಿಸಿ, ಹೊಸ ಬೀಗ ಹಳೆಯದಕ್ಕಿಂತ ಚೆನ್ನಾಗಿದೆ ಅಂದರೆ ನೀವು ಒಪ್ಪುತ್ತೀರಾ?

ಚಿಪ್ಪಿನ ಲೋಕದಲ್ಲಿ ಇದಕ್ಕೆ ಹಳೆಯ ಉದಾಹರಣೆ ಇದೆ. ಎಫ್‌ಟಿಡಿಐ ಅಂತ ಸ್ಕಾಟ್ಲೆಂಡಿನ ಕಂಪನಿ. ಕಂಪ್ಯೂಟರಿನ ಯುಎಸ್‌ಬಿಗೂ ಬೋರ್ಡಿಗೂ ನಡುವೆ ದುಭಾಷಿಯ ಕೆಲಸ ಮಾಡುವ ಚಿಪ್ಪು ಅವರದ್ದು, ಬಹಳ ಆರ್ಡುಯಿನೊ ಬೋರ್ಡುಗಳಲ್ಲಿ ಇತ್ತು. ಅದರ ನಕಲಿಗಳೂ ಸಂತೆಯಲ್ಲಿ ಬೇಕಾದಷ್ಟು ಇದ್ದವು. 2014ರಲ್ಲಿ ವಿಂಡೋಸ್ ಅಪ್‌ಡೇಟಿನ ಮೂಲಕ ಬಂದ ಅವರ ಹೊಸ ಡ್ರೈವರ್ ನಕಲಿ ಚಿಪ್ಪು ಕಂಡರೆ ಅದರ ಗುರುತಿನ ಸಂಖ್ಯೆಯನ್ನು ಸೊನ್ನೆ ಮಾಡಿಬಿಡುತ್ತಿತ್ತು. ಆಮೇಲೆ ಆ ಬೋರ್ಡನ್ನು ಕಂಪ್ಯೂಟರು ಗುರುತಿಸುವುದಿಲ್ಲ. ಚಿಪ್ಪು ನಕಲಿ ಅಂತ ಕೊಂಡವನಿಗೆ ಗೊತ್ತಿರಲಿಲ್ಲ, ಎಷ್ಟೋ ಸಲ ಮಾರಿದವನಿಗೂ ಗೊತ್ತಿರಲಿಲ್ಲ. ಗಲಾಟೆ ಜೋರಾಗಿ ಆ ಡ್ರೈವರನ್ನು ಹಿಂದಕ್ಕೆ ತೆಗೆದುಕೊಂಡರು. 2016ರಲ್ಲಿ ಇನ್ನೊಂದು ಬಗೆ: ನಕಲಿ ಚಿಪ್ಪಿನ ಮೂಲಕ ಹೋಗುವ ಮಾಹಿತಿಯ ಜಾಗದಲ್ಲಿ 'ನಾನ್ ಜೆನ್ಯುಯಿನ್ ಡಿವೈಸ್ ಫೌಂಡ್' ಅಂತ ತುರುಕುವುದು. ನಕಲಿ ಮಾಡುವುದು ಕಳ್ಳತನ, ಸರಿ. ನಮ್ಮ ಕೌಂಟರಿಗೆ ಖೋಟಾ ನೋಟು ಬಂದರೆ ನಾವೂ ವಾಪಸು ಕೊಡುವುದಿಲ್ಲ, ಮುದ್ರೆ ಹೊಡೆದು ಜಫ್ತಿ ಮಾಡುತ್ತೇವೆ. ಆದರೆ ಎದುರಿಗೆ ನಿಲ್ಲಿಸಿ, ರಸೀದಿ ಕೊಟ್ಟು ಮಾಡುತ್ತೇವೆ. ಗಿರಾಕಿ ಮಲಗಿದ್ದಾಗ ಮನೆಗೆ ಹೋಗಿ ಪರ್ಸಿನಿಂದ ತೆಗೆದು ಸುಡುವುದಿಲ್ಲ.

ನನ್ನ ಸೋದರಳಿಯ ಕಾಕ್ಕನಾಡಿನ ಇನ್ಫೋಪಾರ್ಕಿನಲ್ಲಿ ಕೆಲಸ ಮಾಡುತ್ತಾನೆ. ಅವನಿಗೂ ನನಗೂ ಈ ವಿಷಯದಲ್ಲಿ ದೊಡ್ಡ ವಾದ. "ಮಾವ, ಎಲ್ಲರೂ ನಿಮ್ಮ ಹಾಗೆ ಲೆಡ್ಜರ್ ಇಟ್ಟುಕೊಂಡು ಕೂರೋದಿಲ್ಲ. ಕೇಳಿ ಅಪ್‌ಡೇಟ್ ಮಾಡ್ತೀವಿ ಅಂದರೆ ನೂರಕ್ಕೆ ತೊಂಬತ್ತು ಜನ 'ಆಮೇಲೆ' ಅಂತ ಒತ್ತುತ್ತಾರೆ. ಆಮೇಲೆ ಹ್ಯಾಕ್ ಆದರೆ ನಮ್ಮನ್ನೇ ಬೈತಾರೆ" ಅನ್ನುತ್ತಾನೆ. ಅವನ ಮಾತಿನಲ್ಲಿ ಹುರುಳಿದೆ. 2017ರ ಅಕ್ಟೋಬರಿನಲ್ಲಿ ವೈಫೈನ ಬೀಗದಲ್ಲೇ ಬಿರುಕಿದೆ ಅಂತ ಬೆಲ್ಜಿಯಮ್ಮಿನ ಸಂಶೋಧಕರು ತೋರಿಸಿದರು, ಕ್ರ್ಯಾಕ್ ಅಂತ ಅದರ ಹೆಸರು. ಆಗ ಇಎಸ್‌ಪಿ ಚಿಪ್ಪುಗಳಿಗೂ ತೇಪೆ ಬಂತು. ಹಾಕಿಕೊಳ್ಳದವನ ಮನೆಯ ಬಾಗಿಲು ಓರೆ ತೆರೆದೇ ಇತ್ತು.

ನಮ್ಮ ಬ್ಯಾಂಕುಗಳ ಕಥೆಯೇನು ಕಡಿಮೆಯಾ? ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಬೆಂಬಲ ನಿಲ್ಲಿಸಿತು. ದೇಶದ ಎಟಿಎಮ್ಮುಗಳು ಅದರ ಮೇಲೇ ಓಡುತ್ತಾ ಇದ್ದವು. ಕಡೆಗೆ ರಿಸರ್ವ್ ಬ್ಯಾಂಕು 2018ರ ಜೂನಿನಲ್ಲಿ ಸರ್ಕ್ಯುಲರ್ ಹೊರಡಿಸಿ 2019ರ ಜೂನಿನೊಳಗೆ ಎಲ್ಲ ಬದಲಾಗಲೇಬೇಕು ಅಂತ ಗಡುವು ಕೊಡಬೇಕಾಯ್ತು. ಓಡುತ್ತಿದೆಯಲ್ಲ, ಯಾಕೆ ಮುಟ್ಟಬೇಕು ಅನ್ನುವ ಮನೋಭಾವ ನನ್ನಂಥ ಹಳಬರಲ್ಲಿ ಬಲವಾಗಿದೆ.

ಮುಟ್ಟದೆ ಇದ್ದರೂ ಕೆಟ್ಟುಹೋಗುವ ಸಂದರ್ಭಗಳಿವೆ. ನೆಟ್‌ನಿಂದ ಸುರಕ್ಷಿತವಾಗಿ ಮಾಹಿತಿ ತರುವ ಬೋರ್ಡು ಆ ಕಡೆಯ ಸರ್ವರ್ ನಿಜವಾದದ್ದೇ ಅಂತ ನಂಬಲು ಒಂದು ಪ್ರಮಾಣಪತ್ರದ ಪ್ರತಿ ಇಟ್ಟುಕೊಂಡಿರುತ್ತದೆ. ಅದಕ್ಕೊಂದು ಅಂತಿಮ ದಿನಾಂಕ. 2021ರ ಸೆಪ್ಟೆಂಬರ್ 30ಕ್ಕೆ ಲೆಟ್ಸ್ ಎನ್‌ಕ್ರಿಪ್ಟ್‌ನ ಪ್ರಮಾಣಪತ್ರಗಳಿಗೆ ಆಧಾರವಾಗಿದ್ದ ಹಳೆಯ ಮೂಲ ಪತ್ರ ಒಂದರ ಅವಧಿ ಮುಗಿಯಿತು. ಅದನ್ನೇ ನಂಬಿಕೊಂಡಿದ್ದ ಎಷ್ಟೋ ಹಳೆಯ ಸಾಧನಗಳು ಮಾರನೇ ದಿನ ಬಾಯಿ ಮುಚ್ಚಿ ಕೂತವು. ಯಾರೂ ಮುಟ್ಟಿರಲಿಲ್ಲ, ಏನೂ ಕೆಟ್ಟಿರಲಿಲ್ಲ. ಗುರುತಿನ ಚೀಟಿಯ ದಿನಾಂಕ ಮುಗಿದಿತ್ತು, ಅಷ್ಟೇ.

ಹಾಗಾಗಿ ಸೋದರಳಿಯನಿಗೆ ನಾನು ಹೇಳಿದ್ದು ಇದು. ಬೀಗದ ರಿಪೇರಿ ಬೇರೆ, ಮನೆಯ ಗೋಡೆ ಕೆಡವಿ ಹೊಸ ಹಾಲ್ ಕಟ್ಟುವುದು ಬೇರೆ. ಬೀಗದ ರಿಪೇರಿಗೆ ಕೇಳದೆ ಬಂದರೂ ನಾನು ಸಹಿಸಿಕೊಂಡೇನು. ಕ್ರಿಕೆಟ್ ಸ್ಕೋರ್ ಸೇರಿಸಲು ಅಮ್ಮನ ಕನ್ನಡ ತೆಗೆಯುವ ಹಾಗಿಲ್ಲ. ಇದು ನನ್ನೊಬ್ಬನ ತಲೆಯಲ್ಲಿ ಹುಟ್ಟಿದ ಬೇಡಿಕೆಯಲ್ಲ ಅಂತ ಆಮೇಲೆ ಗೊತ್ತಾಯ್ತು. ಯುರೋಪಿನವರು ಸೈಬರ್ ರೆಸಿಲಿಯನ್ಸ್ ಆಕ್ಟ್ ಅಂತ ಒಂದು ಕಾನೂನು ತಂದಿದ್ದಾರೆ. 2024ರ ಡಿಸೆಂಬರಿನಲ್ಲಿ ಜಾರಿಗೆ ಬಂದು, ಮುಖ್ಯ ಕಟ್ಟುಪಾಡುಗಳು 2027ರ ಡಿಸೆಂಬರ್ 11ರಿಂದ ಅನ್ವಯ. ಸುರಕ್ಷತೆಯ ಅಪ್‌ಡೇಟನ್ನು, ತಾಂತ್ರಿಕವಾಗಿ ಸಾಧ್ಯವಿರುವಲ್ಲಿ, ಹೊಸ ಸೌಲಭ್ಯಗಳ ಅಪ್‌ಡೇಟಿನಿಂದ ಬೇರೆಯಾಗಿಯೇ ಕೊಡಬೇಕು ಅಂತ ಅದರಲ್ಲಿದೆ. ತನ್ನಷ್ಟಕ್ಕೆ ಅಪ್‌ಡೇಟ್ ಆಗುವುದಾದರೆ ಬೇಡ ಅನ್ನಲು ಸುಲಭದ ದಾರಿ ಇರಬೇಕು. ಸಾಮಾನ್ಯವಾಗಿ ಕನಿಷ್ಠ ಐದು ವರ್ಷ ಬೆಂಬಲ ಕೊಡಬೇಕು. ಇಂಗ್ಲೆಂಡಿನಲ್ಲಿ 2024ರ ಏಪ್ರಿಲ್ 29ರಿಂದ, ನೆಟ್ಟಿಗೆ ಸೇರುವ ಗೃಹಬಳಕೆಯ ವಸ್ತುವಿಗೆ ಎಲ್ಲಿಯವರೆಗೆ ಸುರಕ್ಷತೆಯ ಅಪ್‌ಡೇಟ್ ಕೊಡುತ್ತೇವೆ ಅಂತ ಮಾರುವಾಗಲೇ ಹೇಳಬೇಕು. ಬಿಸ್ಕೆಟಿಗೆ ಎಕ್ಸ್‌ಪೈರಿ ಡೇಟ್ ಹಾಕುವ ಹಾಗೆ. ಇಷ್ಟು ನಮ್ಮಲ್ಲೂ ಬರಬೇಕು ಅನ್ನುವುದು ದೊಡ್ಡ ಆಸೆಯೇನಲ್ಲ.

ಕನ್ನಡದ ಅಕ್ಷರದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮಕ್ಕಳು ಹೆಚ್ಚಾಗಿ ಮೊದಲು ಕೈಗೆತ್ತಿಕೊಳ್ಳುವ ಡಿಸ್‌ಪ್ಲೇ ಅಂದರೆ ಎರಡು ಸಾಲು, ಸಾಲಿಗೆ ಹದಿನಾರು ಅಕ್ಷರದ ಹಸಿರು ಅಥವಾ ನೀಲಿ ಎಲ್‌ಸಿಡಿ. ಅದರ ಹಿಂದಿರುವ ವಿನ್ಯಾಸ ಹಿಟಾಚಿಯವರದ್ದು, ಎಂಬತ್ತರ ದಶಕದ್ದು. ಒಂದೊಂದು ಅಕ್ಷರಕ್ಕೆ ಅಡ್ಡ ಐದು, ಉದ್ದ ಎಂಟು ಚುಕ್ಕೆ. ನಾವೇ ಬಿಡಿಸಿ ಸೇರಿಸಬಹುದಾದ ಅಕ್ಷರ ಎಂಟೇ ಎಂಟು. 'ರಮ' ಅಂತ ಹೇಗೋ ಬರೆಯಬಹುದು. 'ಕೊಚ್ಚಿ' ಅಂತ ಬರೆಯಲು ಹೋಗಿ, ಒತ್ತಕ್ಷರಕ್ಕೆ ಜಾಗ ಎಲ್ಲಿ? ಕಾಸರಗೋಡಿನ ಹುಡುಗಿ ಕನ್ನಡದಲ್ಲಿ ಪಾಠ ಓದಿ, ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಹೊಳೆಯಿಸಬೇಕು.

ಓಎಲ್‌ಇಡಿ ಪರದೆ ಇದಕ್ಕಿಂತ ವಾಸಿ, 128 ಅಡ್ಡ, 64 ಉದ್ದ ಚುಕ್ಕೆ. ಅದರಲ್ಲೂ ಒಂದು ಸಂತೆಯ ಮೋಸ ಇದೆ. ನೋಡಲು ತದ್ರೂಪಿ ಎರಡು ಪರದೆ, ಒಂದರ ಒಳಗೆ 1306 ಅನ್ನುವ ಚಿಪ್ಪು, ಇನ್ನೊಂದರಲ್ಲಿ 1106. ಎರಡನೆಯದರ ಮೆಮೊರಿ 132 ಕಂಬದ್ದು. ಒಂದರ ಡ್ರೈವರ್ ಇನ್ನೊಂದಕ್ಕೆ ಹಾಕಿದರೆ ಚಿತ್ರ ಎರಡು ಚುಕ್ಕೆ ಜರುಗಿ ಅಂಚಿನಲ್ಲಿ ಕಸ ಕಾಣುತ್ತದೆ. ಮಕ್ಕಳು ಪರದೆ ಕೆಟ್ಟಿದೆ ಅಂತ ಎಸೆಯುತ್ತಾರೆ. ಎಸೆಯಬೇಡಿ, ಡ್ರೈವರ್ ಬದಲಾಯಿಸಿ.

ಕನ್ನಡದ ಯೂನಿಕೋಡ್ ಪಠ್ಯವನ್ನು ಸರಿಯಾಗಿ ಜೋಡಿಸುವುದು, ಅಂದರೆ ಅರ್ಕಾವೊತ್ತು ಎಲ್ಲಿ, ಒತ್ತು ಎಲ್ಲಿ, ಗುಣಿತ ಎಲ್ಲಿ ಅಂತ ನಿರ್ಧರಿಸುವುದು ಫೋನಿಗೂ ಕಂಪ್ಯೂಟರಿಗೂ ಈಗ ನೀರು ಕುಡಿದ ಹಾಗೆ. ಇಪ್ಪತ್ತು ವರ್ಷದ ಹಿಂದೆ ವಿಂಡೋಸ್ 98ರಲ್ಲಿ ಕನ್ನಡ ಓದಲು ನಾವು ಪಟ್ಟ ಪಾಡು ನೆನಪಿದ್ದವರಿಗೆ ಇದು ಅರ್ಥವಾದೀತು. ಊನೊದಂಥ ಬೋರ್ಡಿನ ಕೆಲಸದ ಮೆಮೊರಿ ಬರೀ 2 ಕೆಬಿ. ಮೇಲಿನ ಓಎಲ್‌ಇಡಿಯ ಒಂದು ಪೂರ್ತಿ ಚಿತ್ರಕ್ಕೇ 1 ಕೆಬಿ ಬೇಕು. ಉಳಿದದ್ದರಲ್ಲಿ ಒತ್ತಕ್ಷರದ ವ್ಯಾಕರಣ ಕೂರೋದಿಲ್ಲ.

ಹಾಗಾಗಿ ಅಮ್ಮನಿಗೆ ನಾನು ಮಾಡಿಕೊಟ್ಟದ್ದು ಅಡ್ಡದಾರಿ. ಹನ್ನೆರಡು ಸಂದೇಶ, ಹನ್ನೆರಡು ಚಿತ್ರ. ಕಂಪ್ಯೂಟರಿನಲ್ಲಿ ಗುಬ್ಬಿ ಎಂಬ ಮುಕ್ತ ಫಾಂಟಿನಲ್ಲಿ ಬರೆದು, ಚುಕ್ಕೆಗಳಾಗಿ ಮಾಡಿ, ಫ್ಲ್ಯಾಶಿನಲ್ಲಿ ಇಟ್ಟೆ. ಒಟ್ಟು 12 ಕೆಬಿ. ಸಮಯಕ್ಕೆ ನಾಣ್ಯದ ಗಾತ್ರದ ಬ್ಯಾಟರಿ ಇರುವ ಗಡಿಯಾರದ ಚಿಪ್ಪು. ವೈಫೈ ಇಲ್ಲ. ನೆಟ್ ಬೇಡದ ಕೆಲಸಕ್ಕೆ ನೆಟ್ ಯಾಕೆ ಕೊಡಬೇಕು ಅಂತ ಯಾವ ಕಂಪನಿಯೂ ಯೋಚಿಸುವುದಿಲ್ಲ, ನೆಟ್ ಇದ್ದರೇ ಅವರಿಗೆ ಲಾಭ. ಇದಕ್ಕೆ ಹ್ಯಾಕರ್ ಬರೋದಿಲ್ಲ, ಅಪ್‌ಡೇಟೂ ಬರೋದಿಲ್ಲ. ಡಾಕ್ಟರು ಮಾತ್ರೆ ಬದಲಾಯಿಸಿದಾಗ ಮಾತ್ರ ನಾನು ಕೇಬಲ್ ಚುಚ್ಚುತ್ತೇನೆ.

ಈಗ ತಿರುವನಂತಪುರದ ವಿಷಯಕ್ಕೆ ಬರುತ್ತೇನೆ. ಅಲ್ಲಿಯ ಸಿ-ಡ್ಯಾಕ್, ಮೊದಲು ಇಆರ್ ಅಂಡ್ ಡಿಸಿಐ ಅನ್ನಿಸಿಕೊಂಡಿದ್ದ ಸಂಸ್ಥೆ, ವೇಗ ಎಂಬ ಹೆಸರಿನ ಪ್ರೊಸೆಸರುಗಳನ್ನು ಮಾಡಿದೆ. ಯಾರಿಗೂ ರಾಯಧನ ಕೊಡದೆ ಬಳಸಬಹುದಾದ ರಿಸ್ಕ್-ಫೈವ್ ವಿನ್ಯಾಸದ ಮೇಲೆ ಕಟ್ಟಿದ್ದು. 2022ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ ಡಿಐಆರ್-ವಿ ಅಂತ ಕಾರ್ಯಕ್ರಮ ಪ್ರಕಟಿಸಿದಾಗ ಮದ್ರಾಸ್ ಐಐಟಿಯ ಶಕ್ತಿಯ ಜೊತೆ ಹೇಳಿದ ಹೆಸರು ಇದೇ. ಆ ಪೈಕಿ ತೇಜಸ್-32 ಎಂಬ ಚಿಪ್ಪನ್ನು ಇಟ್ಟು ಏರೀಸ್ ಅನ್ನುವ ಬೋರ್ಡು ಮಾಡಿದ್ದಾರೆ, 100 ಮೆಗಾಹರ್ಟ್ಸ್ ವೇಗ, 256 ಕೆಬಿ ಮೆಮೊರಿ. ಆರ್ಡುಯಿನೊದ ತಂತ್ರಾಂಶದಲ್ಲೇ ಪ್ರೋಗ್ರಾಮ್ ಬರೆಯಬಹುದು. 256 ಕೆಬಿ ಅಂದರೆ ಊನೊದ 128 ಪಾಲು! ಕನ್ನಡದ ಒತ್ತಕ್ಷರಕ್ಕೆ ಇಲ್ಲಿ ಉಸಿರಾಡಲು ಜಾಗ ಇದೆ.

ಇದಕ್ಕೆ ಪ್ರೋಗ್ರಾಮ್ ತುಂಬುವ ಬಗೆ ನೋಡಿ ನನಗೆ ಖುಷಿಯಾಯ್ತು. ಎಕ್ಸ್‌ಮೋಡೆಮ್! 1977ರಲ್ಲಿ ಅಮೆರಿಕದ ವಾರ್ಡ್ ಕ್ರಿಸ್ಟೆನ್ಸನ್ ಎಂಬವರು ಫೋನ್ ತಂತಿಯಲ್ಲಿ ಫೈಲ್ ಕಳಿಸಲು ಬರೆದ ವಿಧಾನ. ಮಾಹಿತಿಯನ್ನು 128 ಬೈಟಿನ ಕಂತುಗಳಾಗಿ ಮಾಡಿ, ಪ್ರತಿ ಕಂತಿನ ಕೊನೆಗೆ ಮೊತ್ತ ಬರೆದು ಕಳಿಸುವುದು. ಆ ಕಡೆಯವನು ತಾನೂ ಕೂಡಿ ನೋಡಿ, ತಾಳೆಯಾದರೆ 'ಸರಿ', ಇಲ್ಲದಿದ್ದರೆ 'ಮತ್ತೆ ಕಳಿಸು'. ನಮ್ಮ ಕ್ಯಾಷಿಯರು ನೋಟಿನ ಕಟ್ಟು ತೆಗೆದುಕೊಳ್ಳುವ ರೀತಿಯೇ ಇದು. ಬೋರ್ಡು ಕಾಯುತ್ತಿರುವಾಗ ಪರದೆಯ ಮೇಲೆ 'ಸಿ ಸಿ ಸಿ' ಅಂತ ಸಾಲು ಬರುತ್ತಾ ಇರುತ್ತದೆ, ಕಳಿಸು ಕಳಿಸು ಅಂತ ಕರೆದ ಹಾಗೆ. ಫ್ಲ್ಯಾಶಿನಿಂದ ಏಳಬೇಕೋ, ತಂತಿಯಲ್ಲಿ ಬರುವುದಕ್ಕೆ ಕಾಯಬೇಕೋ ಅಂತ ಹೇಳಲು ಒಂದು ಪುಟ್ಟ ಜಂಪರ್. ಕೈಯಿಂದ ಹಾಕಬೇಕು, ಕೈಯಿಂದ ತೆಗೆಯಬೇಕು. ಹಳೆಯ ಕಾಲದ್ದು ಅಂತ ಸೋದರಳಿಯ ನಗುತ್ತಾನೆ. ಅದೇ 1977ರಲ್ಲಿ ಹಾರಿದ ವಾಯೇಜರ್-1ಕ್ಕೆ 2024ರ ಏಪ್ರಿಲಿನಲ್ಲಿ ಏನು ಮಾಡಿದರು ಅಂತ ನಾನು ಅವನಿಗೆ ನೆನಪಿಸುತ್ತೇನೆ. ಒಂದು ಮೆಮೊರಿ ಚಿಪ್ಪು ಕೆಟ್ಟು, ಬರುವ ಮಾಹಿತಿ ಎಲ್ಲ ಅಸಂಬದ್ಧ ಆಗಿತ್ತು. ಸುಮಾರು 2,400 ಕೋಟಿ ಕಿಲೋಮೀಟರ್ ದೂರ, ಸಂದೇಶ ಹೋಗಲು ಇಪ್ಪತ್ತೆರಡೂವರೆ ಗಂಟೆ, ಬರಲು ಅಷ್ಟೇ. ಆ ಚಿಪ್ಪಿನಲ್ಲಿದ್ದ ಪ್ರೋಗ್ರಾಮನ್ನು ತುಂಡು ತುಂಡು ಮಾಡಿ ಬೇರೆ ಕಡೆ ಜೋಡಿಸಿ ಬದುಕಿಸಿದರು. ಕಳಿಸುವ ಮೊದಲು ಎಷ್ಟು ಸಲ ತಾಳೆ ನೋಡಿರಬೇಡ! ಅಮ್ಮನ ಪರದೆಗೆ ಅಪ್‌ಡೇಟ್ ಕಳಿಸಿದವರು ಒಂದು ಸಲ ಕನ್ನಡದಲ್ಲಿ ಇಟ್ಟು ನೋಡಿದ್ದರೆ ಸಾಕಿತ್ತು.

ಏರೀಸ್ ಬಗ್ಗೆ ನನ್ನ ಕೊರಗು ಒಂದೇ. ಬೋರ್ಡು ಮಾಡಿದರೆ ಮುಗಿಯುವುದಿಲ್ಲ. ಆರ್ಡುಯಿನೊ ಗೆದ್ದದ್ದು ಚಿಪ್ಪಿನ ಬಲದಿಂದ ಅಲ್ಲ. 2005ರಲ್ಲಿ ಇಟಲಿಯ ಇವ್ರೆಯಾ ಎಂಬ ಸಣ್ಣ ಊರಿನಲ್ಲಿ, ಎಂಜಿನಿಯರುಗಳಲ್ಲದವರಿಗೆ ಅಂತ ಶುರು ಮಾಡಿ, ಎಲ್ಲವನ್ನೂ ಬಿಚ್ಚಿಟ್ಟು, ಸರಳ ಭಾಷೆಯಲ್ಲಿ ಬರೆದಿಟ್ಟದ್ದರಿಂದ ಗೆದ್ದಿತು. ಅದೇ ಆರ್ಡುಯಿನೊವನ್ನು ಕೊಳ್ಳುವುದಾಗಿ 2025ರ ಅಕ್ಟೋಬರಿನಲ್ಲಿ ಅಮೆರಿಕದ ಕ್ವಾಲ್‌ಕಾಮ್ ಪ್ರಕಟಿಸಿತು. ಮುಂದೆ ಒಳ್ಳೆಯದೇ ಆಗಬಹುದು. ಬ್ಯಾಂಕುಗಳ ವಿಲೀನ ಒಳಗಿನಿಂದ ನೋಡಿದವನಾಗಿ ಹೇಳುತ್ತೇನೆ, ಮೊದಲ ದಿನ ಎಲ್ಲ ಹಾಗೇ ಇರುತ್ತದೆ, ಬೋರ್ಡಿನ ಬಣ್ಣ ಬದಲಾಗುವುದು ಎರಡನೇ ವರ್ಷ. ನಮ್ಮದೇ ಒಂದು ಬೋರ್ಡು ಕೈಯಲ್ಲಿರುವುದು ಆವಾಗ ಉಪಯೋಗಕ್ಕೆ ಬರುತ್ತದೆ. ಆದರೆ ಅದರ ಕೈಪಿಡಿ ಮಲಯಾಳಂ, ಕನ್ನಡ, ತಮಿಳಿನಲ್ಲಿ ಇರಬೇಕು, ಹಳೆಯ ಆವೃತ್ತಿಗಳು ಹತ್ತು ವರ್ಷ ಆದರೂ ಸಿಗಬೇಕು. 2001ರ ಜುಲೈಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಬಂದು ಭಾರತದ ಮುಕ್ತ ತಂತ್ರಾಂಶ ಪ್ರತಿಷ್ಠಾನವನ್ನು ಉದ್ಘಾಟಿಸಿದ್ದು ಇದೇ ತಿರುವನಂತಪುರದಲ್ಲಿ. ಶಾಲೆಯ ಕಂಪ್ಯೂಟರುಗಳನ್ನು ಮುಕ್ತ ತಂತ್ರಾಂಶದಲ್ಲೇ ನಡೆಸಿ ತೋರಿಸಿದ ರಾಜ್ಯ ಇದು. ಆ ಪಾಠವನ್ನು ಬೋರ್ಡಿನ ಮಟ್ಟಕ್ಕೂ ಇಳಿಸುವುದು ಇವರಿಗೆ ಹೊಸ ವಿದ್ಯೆಯೇನಲ್ಲ.

ಶಾಲೆಗಳ ಕಿಟ್ಟಿನ ಬಗ್ಗೆ ನಾನು ಕೇಳುವುದು ಸಣ್ಣ ಸಂಗತಿ. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ತಂತ್ರಾಂಶ, ಫರ್ಮ್‌ವೇರ್, ಡಿಸ್‌ಪ್ಲೇ ಡ್ರೈವರ್ ಯಾವ ಆವೃತ್ತಿಯಲ್ಲಿದೆಯೋ ಮಾರ್ಚ್ ಪರೀಕ್ಷೆ ಮುಗಿಯುವವರೆಗೆ ಅಲ್ಲೇ ನಿಲ್ಲಲಿ, ಸುರಕ್ಷತೆಯ ತೇಪೆ ಬಿಟ್ಟು. ಹೊಸದನ್ನು ಮೊದಲು ಒಂದೇ ಬೋರ್ಡಿಗೆ ಹಾಕಿ ವಾರ ಓಡಿಸಲಿ. ಹಾಕುವವರು ಒಬ್ಬರು, ಸರಿ ಇದೆ ಅಂತ ಸಹಿ ಮಾಡುವವರು ಇನ್ನೊಬ್ಬರು. ಬ್ಯಾಂಕಿನಲ್ಲಿ ಇದಕ್ಕೆ ಮೇಕರ್-ಚೆಕರ್ ಅಂತೇವೆ, ಹತ್ತು ರೂಪಾಯಿಯ ಎಂಟ್ರಿಗೂ ಬೇಕು. ಬೋರ್ಡಿನ ಬೆನ್ನಿಗೆ ಒಂದು ಚೀಟಿ ಅಂಟಿಸಿ ಆವೃತ್ತಿಯನ್ನೂ ದಿನಾಂಕವನ್ನೂ ಬರೆಯಲಿ. ಪಕ್ಕದ ಮನೆಯ ಹತ್ತನೇ ಕ್ಲಾಸಿನ ಹುಡುಗಿಗೆ ಇದನ್ನು ಹೇಳಿದಾಗ, "ಅಂಕಲ್, ಟೀಚರ್ ಒಪ್ಪಿದರೆ ರಿಜಿಸ್ಟರ್ ನಾನೇ ಬರೀತೇನೆ" ಅಂದಳು. ಮಕ್ಕಳಿಗೆ ಜವಾಬ್ದಾರಿ ಕೊಟ್ಟರೆ ಅವರು ನಮ್ಮ ಹಾಗೆ ಆಡಿಟರಿಗೆ ಹೆದರಿ ಬರೆಯೋದಿಲ್ಲ, ಹೆಮ್ಮೆಯಿಂದ ಬರೀತಾರೆ.

ಇಷ್ಟಕ್ಕೆ ದುಡ್ಡು ಎಲ್ಲಿಂದ ಅಂತ ಸೋದರಳಿಯ ಕೇಳಿದ. ಹಳೆಯ ಆವೃತ್ತಿಗಳನ್ನೆಲ್ಲ ಇಟ್ಟುಕೊಳ್ಳಲು ಶಾಲೆಗೊಂದು ಪೆನ್‌ಡ್ರೈವ್ ಬೇಕು, ಬೋರ್ಡಿನ ಬೆನ್ನಿಗೆ ಚೀಟಿ, ಒಂದು ಇನ್ನೂರು ಪುಟದ ರಿಜಿಸ್ಟರು. ನಾನು ಲೆಕ್ಕ ಹಾಕಿ ಕೊಟ್ಟೆ, ಐನೂರು ರೂಪಾಯಿ ದಾಟಲಿಲ್ಲ. ಪೆಟಿ ಕ್ಯಾಶಿನಲ್ಲಿ ಮುಗಿಯುವ ಖರ್ಚು.